ಸೀಗಿ ಹುಣ್ಣಿವೆಯ ನೆಗಡಿ ಮತ್ತು ಕಾಂಗ್ರೆಸ್ ಕಸ

ಮಳೆಗಾಲ ಹಿಂದಾಗಿ ಸೀಗಿ ಹುಣ್ಣಿವೆ ಸಮೀಪಿಸಿತೆಂದರೆ ಮಿರಜ ತಾಲೂಕಿನ ಪೂರ್ವಭಾಗದಲ್ಲಿಯೂ ಜತ್ತ ತಾಲೂಕಿನಲ್ಲಿಯೂ ಮನೆಮನೆಗೆ ಸೀನುವ ಸಪ್ಪಳ ಸುರುವಾಗುತ್ತದೆ. ಬೆಳಗಿನ ಪ್ರಾರ್ಥನೆಗೆ ನಿಂತ ಹುಡುಗರಲ್ಲಿ ಮೂರು-ನಾಲ್ಕು ಜನ ಒಂದೇ ಸವನೆ ಸೀನುತ್ತಾರೆ, ಕಣ್ಣು ಉಜ್ಜಿಕೊಳ್ಳುತ್ತಾರೆ. ಹಿರಿಯರನ್ನು ಕೇಳಿದರೆ “ಹವಾ ಬದಲಾತು, ನೆಗಡಿ ಆಗೇದ” ಎನ್ನುತ್ತಾರೆ. ನೆಗಡಿಯೇ ಆಗಿದ್ದರೆ ಒಂದು ವಾರಕ್ಕೆ, ಬಹಳಾದರೆ ಹತ್ತು ದಿನಕ್ಕೆ ಹೋಗಬೇಕು. ಇದು ದೀಪಾವಳಿ ದಾಟಿದರೂ ಹೋಗುವದಿಲ್ಲ. ಮತ್ತೆ ಬರುವ ವರ್ಷ ಅದೇ ದಿನಗಳಲ್ಲಿ, ಅದೇ ಮಂದಿಗೆ ಬರುತ್ತದೆ. ಪಂಚಾಂಗ ನೋಡಿ ಬರುವ ಈ ಜಡ್ಡು ಸಾದಾ ನೆಗಡಿಯಲ್ಲ. ಅದರ ಮೂಲ ಬಹುಶಃ ನಮ್ಮ ಒಡ್ಡಿನ ಮೇಲೆಯೇ ಬೆಳೆದು ನಿಂತಿರುತ್ತದೆ.

ಗುರುತು ಹಿಡಿಯುವದು ಕಠಿಣವಲ್ಲ. ಸಾದಾ ನೆಗಡಿಗೆ ಮೈ ಬೆಚ್ಚಗಾಗುತ್ತದೆ, ಮೈಕೈ ನೋಯುತ್ತದೆ, ಎರಡು-ಮೂರು ದಿನಗಳಲ್ಲಿ ಸಿಂಬಳ ಗಟ್ಟಿಯಾಗುತ್ತದೆ, ಒಬ್ಬರಿಂದ ಮನೆಯ ಇನ್ನೊಬ್ಬರಿಗೆ ಅಂಟುತ್ತದೆ. ನಾವು ಹೇಳುತ್ತಿರುವ ಜಡ್ಡಿನಲ್ಲಿ ಜ್ವರ ಇರುವದಿಲ್ಲ. ಮೂಗಿನಿಂದ ನೀರಿನಂಥ ತೆಳು ಸಿಂಬಳ ಸುರಿಯುತ್ತದೆ. ಮೂಗು, ಕಣ್ಣು, ಅಂಗಳು ಕಡಿಯುತ್ತವೆ. ಈ ಕಡಿತವೇ ದೊಡ್ಡ ಗುರುತು. ಹೊಲಕ್ಕೆ ಹೋದಾಗ ಹೆಚ್ಚು, ಊರು ಬಿಟ್ಟು ಬೇರೆ ಸೀಮೆಗೆ ಹೋದರೆ ಕಡಿಮೆ. ಒಮ್ಮೊಮ್ಮೆ ರಾತ್ರಿ ಎದೆ ಬಿಗಿದು ಉಬ್ಬಸವೂ ಕೂಡಿಕೊಳ್ಳುತ್ತದೆ. ಇಷ್ಟು ಕೂಡಿದ್ದರೆ ಅದು ಹೂವಿನ ಪುಡಿಯಿಂದ, ಅಂದರೆ ಪರಾಗದಿಂದ ಬಂದ ಅಲರ್ಜಿ ಎಂದು ಸಂಶಯಪಡಬೇಕು. ಸಾಂಗಲಿಯ ಅರಿಷಿಣ ಪೇಟೆಯಲ್ಲಿ ದುಡಿಯುವವರಿಗೂ, ಕಣದಲ್ಲಿ ರಾಶಿ ಮಾಡುವವರಿಗೂ ಬರುವ ಸೀನು ಬೇರೆ. ಅದು ಧೂಳಿನದು, ಬೂಷ್ಟಿನದು. ಆ ಕೆಲಸ ಬಿಟ್ಟು ಬಂದರೆ ಅದು ಬಹುತೇಕ ಇಳಿಯುತ್ತದೆ.

ಪರಾಗವೆಂದರೆ ಒಕ್ಕಲಿಗನಿಗೆ ಹೊಸದಲ್ಲ. ಹೊಡೆ ಹಾಯ್ದ ಜೋಳದ ಹೊಲದಲ್ಲಿ ಬೆಳಿಗ್ಗೆ ಹಾಯ್ದು ಬಂದರೆ ಅಂಗಿಯ ಹೆಗಲಿನ ಮೇಲೆ ಹಳದಿ ಹಿಟ್ಟು ಕೂತಿರುತ್ತದೆ, ಅದೇ ಪರಾಗ. ಗಂಡು ಹೂವಿನ ಈ ಪುಡಿ ಹೆಣ್ಣು ಹೂವಿಗೆ ಮುಟ್ಟಿದರೇ ಕಾಳು ಕಟ್ಟುವದು. ಕೆಲವು ಗಿಡಗಳು ಈ ಕೆಲಸಕ್ಕೆ ಜೇನು ಹುಳವನ್ನು ಕರೆಯುತ್ತವೆ. ಅವುಗಳ ಹೂವಿಗೆ ಬಣ್ಣ, ವಾಸನೆ ಇದ್ದು ಪುಡಿ ಜಿಗಟಾಗಿ ಭಾರವಾಗಿರುತ್ತದೆ, ದೂರ ಹಾರುವದಿಲ್ಲ. ಇನ್ನು ಕೆಲವು ಗಿಡಗಳು ಗಾಳಿಯನ್ನೇ ನಂಬಿವೆ. ಜೋಳ, ಗೋವಿನಜೋಳ, ಕರಿಕೆ, ನಾನಾ ತರದ ಹುಲ್ಲು ಈ ಜಾತಿಯವು. ಗಾಳಿಗೆ ಬಿಟ್ಟ ಪುಡಿ ಎಲ್ಲಿ ಬೀಳುವದೋ ಗೊತ್ತಿಲ್ಲವಾದ್ದರಿಂದ ಅವು ಅದನ್ನು ವಿಪರೀತವಾಗಿ ತಯಾರಿಸುತ್ತವೆ. ಆದ್ದರಿಂದ ಅಂಗಳದ ಚೆಂಡು ಹೂವನ್ನೂ ಮಲ್ಲಿಗೆಯನ್ನೂ ಬೈಯುವ ಕಾರಣ ಹೆಚ್ಚಾಗಿ ಇರುವದಿಲ್ಲ. ಯಾರೂ ಹೂವೆಂದು ಮುಡಿಯದ ಗಿಡಗಳನ್ನೇ ಮೊದಲು ಅನುಮಾನಿಸಬೇಕು.

ಇದನ್ನು ಮೊದಲು ಪಕ್ಕಾ ಮಾಡಿ ತೋರಿಸಿದವರು ಇಂಗ್ಲಂಡಿನ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯರು. ಅವರಿಗೇ ಈ ಜಡ್ಡು ಇತ್ತು. ಹೂವಿನ ಸುದ್ದಿಯೇ ಇಲ್ಲದ ಚಳಿಗಾಲದಲ್ಲಿ, ಕೂಡಿಟ್ಟ ಹುಲ್ಲಿನ ಪರಾಗವನ್ನು ತಮ್ಮ ಮೂಗಿಗೇ ಹಾಕಿಕೊಂಡು ಸೀನು ತರಿಸಿಕೊಂಡರು. ಅಂಟು ಸವರಿದ ಗಾಜಿನ ತುಣುಕುಗಳನ್ನು ಬಯಲಿನಲ್ಲಿಟ್ಟು, ಗಾಳಿಪಟಕ್ಕೆ ಕಟ್ಟಿ ಮೇಲೆ ಹಾರಿಸಿ, ಅಂಟಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. 1873ರಲ್ಲಿ ಇದೆಲ್ಲವನ್ನೂ ಪುಸ್ತಕ ಮಾಡಿ ಅಚ್ಚು ಹಾಕಿಸಿದರು. ‘ಅಲರ್ಜಿ’ ಎಂಬ ಶಬ್ದ ಬಂದದ್ದು ಮುಂದೆ 1906ರಲ್ಲಿ. ವಿಯೆನ್ನಾದ ಫೋನ್ ಪಿರ್ಕೆ ಎಂಬ ವೈದ್ಯರು ಅದನ್ನು ಟಂಕಿಸಿದರು. ಅರ್ಥ ಇಷ್ಟೇ: ಹೊಲ ಕಾಯುವ ನಾಯಿ ಕಳ್ಳನನ್ನು ಬಿಟ್ಟು ಮನೆಗೆ ಬಂದ ಬೀಗರ ಮೇಲೆ ಹಾಯ್ದಂತೆ, ದೇಹದ ಕಾವಲು ಪಡೆ ನಿರುಪದ್ರವಿಯಾದ ಪುಡಿಯನ್ನು ವೈರಿಯೆಂದು ತಿಳಿದು ಗದ್ದಲ ಎಬ್ಬಿಸುತ್ತದೆ. ಸೀನು, ನೀರು, ಬಾವು ಎಲ್ಲ ಆ ಗದ್ದಲದ ಫಲ. ಹತ್ತು ಜನರು ಒಂದೇ ಗಾಳಿ ಕುಡಿದರೂ ಇಬ್ಬರಿಗೇ ಆಗುವದು ಇದರಿಂದಲೇ. ತಂದೆತಾಯಿಗಳಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು.

ಇನ್ನು ನಮ್ಮ ಕಡೆಯ ಮುಖ್ಯ ಅಪರಾಧಿಯ ವಿಚಾರ. ಕನ್ನಡದಲ್ಲಿ ಕಾಂಗ್ರೆಸ್ ಕಸ, ಮರಾಠಿಯಲ್ಲಿ ಗಾಜರ ಗವತ, ಶಾಸ್ತ್ರಜ್ಞರ ಬಾಯಲ್ಲಿ ಪಾರ್ಥೇನಿಯಂ. ಎಲೆ ಗಜ್ಜರಿಯ ಎಲೆಯಂತೆ, ಹೂವು ಸಣ್ಣದು, ಬೆಳ್ಳಗಿನದು. ಇದರ ಮೂಲ ಮೆಕ್ಸಿಕೋ ಸುತ್ತಲಿನ ಅಮೇರಿಕೆ. ಪುಣೆಯಲ್ಲಿ ಇದು 1955ರ ಸುಮಾರಿಗೆ ಕಣ್ಣಿಗೆ ಬಿತ್ತು. 1956ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಇದರ ವರದಿ ಬಂತು. ಅಮೇರಿಕೆಯ ಗೋದಿಯೊಡನೆ ಬಂತೆಂದು ಎಲ್ಲರೂ ಹೇಳುತ್ತಾರೆ. ಪಿ.ಎಲ್. 480ರ ಗೋದಿಯ ಕರಾರಿಗೆ ನಮ್ಮ ದೇಶ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ. ಕಸ ಕಂಡದ್ದು ಅದಕ್ಕಿಂತ ಮೊದಲು. ಗೋದಿಯೊಡನೆಯೇ ಬಂದಿದ್ದರೆ ಅದಕ್ಕೂ ಹಿಂದಿನ ಗೋದಿ ಇರಬೇಕು. ಅದೇನೇ ಇರಲಿ, ಹೆಸರು ಅಂಟಿಕೊಂಡಿತು. ಬಿಳಿ ಹೂವು ಗಾಂಧಿ ಟೊಪ್ಪಿಗೆಯಂತೆ ಕಾಣುವದರಿಂದ ಈ ಹೆಸರೆಂದು ಇನ್ನು ಕೆಲವರು ಹೇಳುವದುಂಟು. ಒಂದು ಗಿಡ ಸಾವಿರಾರು ಬೀಜ ಬಿಡುತ್ತದೆ, ಮೊಳೆತು ಸುಮಾರು ಒಂದು ತಿಂಗಳಿಗೆ ಹೂವಾಡುತ್ತದೆ, ಹಸಿ ಸಿಕ್ಕರೆ ವರ್ಷವಿಡೀ ಬೆಳೆಯುತ್ತದೆ. ಮೈಸಾಳದ ಏತ ನೀರಾವರಿಯಿಂದ ಕೃಷ್ಣೆಯ ನೀರು ಒಣ ಭೂಮಿಗೆ ಬಂದದ್ದು ನಮ್ಮ ಭಾಗ್ಯವೇ ಸರಿ; ಆದರೆ ಕಾಲುವೆಯ ದಂಡೆಯನ್ನು ಮೊದಲು ಹಿಡಿದದ್ದು ಈ ಕಸ.

ಇದರ ಪರಾಗ ಅತಿ ಸಣ್ಣದು. ಒಂದು ಮಿಲಿಮೀಟರಿನಲ್ಲಿ ಐವತ್ತಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಇಡಬಹುದು. ಬೆಂಗಳೂರಿನ ಸಂಶೋಧಕರು ಗಾಳಿಯಲ್ಲಿ ಇದನ್ನು ಹಿಡಿದು ನೋಡಿದ್ದಾರೆ. ಮೂಗು ಸುರಿಯುವ ರೋಗಿಗಳನ್ನು ಪರೀಕ್ಷಿಸಿ, ಬಹಳ ಜನರಿಗೆ ಇದೇ ಪುಡಿ ಕಾರಣವೆಂದು 1991ರಲ್ಲಿ ಪ್ರಕಟಿಸಿದ್ದಾರೆ. ಇದು ಮೂಗಿನ ಮಾತಾಯಿತು. ಚರ್ಮದ್ದು ಬೇರೆಯೇ ಕಥೆ. ಎಲೆ, ಕಾಂಡ, ಹೂವು ಎಲ್ಲದರ ರೋಮದಲ್ಲಿ ಪಾರ್ಥೇನಿನ್ ಎಂಬ ಕಹಿ ವಿಷವಿದೆ. ವರ್ಷಗಟ್ಟಲೆ ಗಿಡ ಮುಟ್ಟಿದವರಿಗೆ, ಒಮ್ಮೊಮ್ಮೆ ಅದರ ಒಣಗಿದ ಧೂಳು ತಾಗಿದವರಿಗೂ, ಕಣ್ಣರೆಪ್ಪೆ, ಕುತ್ತಿಗೆ, ಮೊಳಕೈ ಮಡಿಕೆಯಲ್ಲಿ ಕೆಂಪೇರಿ ಕಡಿತ ಸುರುವಾಗಿ, ಕಡೆಗೆ ಚರ್ಮ ದಪ್ಪಾಗಿ ಕಪ್ಪಾಗುತ್ತದೆ. ಪುಣೆಯ ಡಾ. ಲೋಣಕರ ಮತ್ತು ಅವರ ಸಂಗಡಿಗರು ಇದನ್ನು 1974ರಲ್ಲಿ ಬರೆದು ಪ್ರಕಟಿಸಿದರು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಇಂಥ ಮುಖದ ಒಬ್ಬ ಒಕ್ಕಲಿಗರನ್ನು ನಾನು ಬಲ್ಲೆ. ಮುಖದ ಚರ್ಮ ದಪ್ಪಾದದ್ದನ್ನು ಕಂಡು ಊರವರು ಕುಷ್ಠವೆಂದು ತಿಳಿದು ಚಹದಂಗಡಿಯಲ್ಲಿ ಅವರಿಗೆ ಬೇರೆ ಕಪ್ಪು ಇಟ್ಟರು. ಎರಡು ವರ್ಷ ಅವರು ಮದುವೆ-ಮುಂಜಿವೆಗೆ ಹೋಗಲಿಲ್ಲ. ಕಡೆಗೆ ಚರ್ಮದ ಡಾಕ್ಟರರು ನೋಡಿ ಇದು ಕಾಂಗ್ರೆಸ್ ಕಸದ ಉಪದ್ರವವೆಂದರು. ಇದು ಕುಷ್ಠವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವದೂ ಇಲ್ಲ. (ಕುಷ್ಠವಾದರೂ ಈಗ ಔಷಧದಿಂದ ಪೂರ್ತಿ ವಾಸಿಯಾಗುವ ರೋಗ, ಬೇರೆ ಕಪ್ಪು ಇಡುವದು ಆಗಲೂ ತಪ್ಪೇ.) ಸಂಶಯವಿದ್ದವರು ಮಿರಜದ ಸರಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆಯಲ್ಲಿ ಚರ್ಮದ ವಿಭಾಗಕ್ಕೆ ತೋರಿಸಬಹುದು.

ನಮಗೆ ಸೀನು ಇಲ್ಲ, ನಮಗೇಕೆ ಚಿಂತೆ ಎನ್ನುವವರೂ ಇದ್ದಾರೆ. ಅವರು ಕೇಳಬೇಕಾದದ್ದು ಇದು: ಈ ಕಸದ ಪರಾಗ ಬದನೆ, ಮೆಣಸಿನಕಾಯಿ, ಟೊಮ್ಯಾಟೊ ಹೂವಿನ ಮೇಲೆ ಬಿದ್ದರೆ ಕಾಯಿ ಕಟ್ಟುವದು ಕಡಿಮೆಯಾಗುತ್ತದೆಂದು ಬೆಂಗಳೂರಿನಲ್ಲಿ ಕಾಂಚನ್ ಮತ್ತು ಜಯಚಂದ್ರ ಎಂಬ ಸಸ್ಯಶಾಸ್ತ್ರಜ್ಞರು 1980ರಲ್ಲಿ ತೋರಿಸಿದ್ದಾರೆ. ಎಮ್ಮೆ ತಿಂದರೆ ಹಾಲು ಕಹಿ. ಅಂದಮೇಲೆ ಸೀನದವನ ಹೊಲಕ್ಕೂ ನಷ್ಟವೇ.

ಕೀಳುವದು ಹೇಗೆ? ಹೂವು ಬರುವ ಮೊದಲು, ಒಂದು ಮಳೆ ಬಿದ್ದು ನೆಲ ಮೆತ್ತಗಿರುವಾಗ, ಬೇರು ಸಹಿತ. ಮೇಲೆ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬರಿಗೈಯಿಂದ ಮುಟ್ಟಬಾರದು. ಈ ಪಾಠವನ್ನು ನಾನು ಕಲಿತದ್ದು ಅಪಮಾನದಿಂದ. ಕೆಲವು ವರ್ಷಗಳ ಹಿಂದೆ ಆಗಸ್ಟ್ ತಿಂಗಳಲ್ಲಿ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ಶಾಲೆಯ ಬಯಲಿನ ಕಸ ಕೀಳಿಸಿದೆ. ಹೂವು ಅರಳಿ ನಿಂತ ಗಿಡಗಳು, ಬರಿಗೈ ಮಕ್ಕಳು. ಟ್ರೇನಿಂಗ್ ಕಾಲೇಜಿನಲ್ಲಿ ಶ್ರಮದಾನದ ಪಾಠ ಕಲಿತಿದ್ದೆ, ಗಿಡದ ಪಾಠ ಕಲಿತಿರಲಿಲ್ಲ. ಮರುದಿನ ಒಬ್ಬ ಹುಡುಗಿಯ ತಾಯಿ ಮಗಳನ್ನು ಕೈಹಿಡಿದುಕೊಂಡು ಬಂದು, “ಮಾಸ್ತರ, ನಮ್ಮ ಹುಡುಗಿಗೆ ಅಕ್ಷರ ಕಲಸ್ರಿ ಅಂತ ಕಳಸೇವ್ರಿ, ಕಣ್ಣ ತಗೀಲಾರದಂಗ ಮಾಡಿ ಕಳಸೀರಲ್ಲ” ಎಂದಳು. ಹುಡುಗಿಯ ಎರಡೂ ರೆಪ್ಪೆ ಬಾತು ಕಣ್ಣು ಮುಚ್ಚಿದ್ದವು. ನಾಲ್ಕು ದಿನಕ್ಕೆ ಇಳಿಯಿತು; ನನ್ನ ಮುಖ ಇಳಿದದ್ದು ಇನ್ನೂ ಹಾಗೆಯೇ ಇದೆ.

ಜಬಲಪುರದ ಕಳೆ ಸಂಶೋಧನ ನಿರ್ದೇಶನಾಲಯದವರು ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ಮಾಡಿಸುತ್ತಾರೆ. ಮಾಡಲಿ, ಆದರೆ ಮಕ್ಕಳಿಂದ ಗುರುತು ಹಿಡಿಸಬೇಕು, ಕೀಳಿಸಬಾರದು. ಕೀಳುವ ದೊಡ್ಡವರು ರಬ್ಬರಿನ ಕೈಚೀಲವನ್ನೋ ಇಲ್ಲವೆ ಕೈಗೆ ಪ್ಲಾಸ್ಟಿಕ್ ಚೀಲವನ್ನೋ ಹಾಕಿ, ತುಂಬು ತೋಳಿನ ಅಂಗಿ ತೊಟ್ಟು, ಮೂಗಿಗೆ ಒದ್ದೆ ಅರಿವೆ ಕಟ್ಟಿಕೊಂಡು ಕೀಳಬೇಕು. ಉಬ್ಬಸ ಇದ್ದವರು, ಕಡಿತ ಇದ್ದವರು ಆ ಕಡೆ ಸುಳಿಯಲೇಬಾರದು. ಹೂವು ಬರದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಬೀಜ ಕಟ್ಟಿದ್ದನ್ನು ಹಾಕಿದರೆ ಗೊಬ್ಬರದ ಸಂಗಡ ಬೀಜವನ್ನೂ ಹೊಲಕ್ಕೆ ಬಿತ್ತಿದಂತೆ.

ಬೀಳು ಭೂಮಿಯಲ್ಲಿ, ರಸ್ತೆಯ ಬದಿಯಲ್ಲಿ ಒಂದು ಲೀಟರ ನೀರಿಗೆ 200 ಗ್ರಾಂ ಅಡಿಗೆ ಉಪ್ಪು ಕರಗಿಸಿ ಎಳೆಯ ಗಿಡಕ್ಕೆ ಸಿಂಪಡಿಸಿದರೆ ಒಣಗುತ್ತದೆ. ಬೆಳೆಯಿದ್ದ ಹೊಲದಲ್ಲಿ ಉಪ್ಪು ಬೇಡ, ನೆಲ ಕೆಡುತ್ತದೆ. ಅಂಗಡಿಯ ಕಳೆನಾಶಕದ ವಿಷಯ ಕೃಷಿ ಸಹಾಯಕರನ್ನು ಕೇಳಿ ಮುಂದುವರಿಯಿರಿ. ಒಂದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ: 2,4-ಡಿ ಎಂಬ ಔಷಧ ಗಾಳಿಗೆ ಹಾರಿ ದ್ರಾಕ್ಷಿಯ ತೋಟಕ್ಕೆ ತಾಗಿದರೆ ಎಲೆ ಮುದುಡಿ ಬೆಳೆ ಕೆಡುತ್ತದೆ. ತಾಸಗಾಂವ, ಮಿರಜ, ಕವಠೇಮಹಾಂಕಾಳ ಕಡೆಗೆ ದ್ರಾಕ್ಷಿ ಎಲ್ಲೆಡೆ ಇರುವದರಿಂದ ಇದರ ಗೊಡವೆ ಬೇಡ. ನೆರೆಯವನೊಡನೆ ಕೋರ್ಟಿಗೆ ಹೋಗುವ ಪಾಳಿ ಬಂದೀತು.

ಮೆಕ್ಸಿಕೋದ ದುಂಬಿಯ ಮಾತನ್ನೂ ಹೇಳಬೇಕು. 1983ರಲ್ಲಿ ಬೆಂಗಳೂರಿಗೆ ತರಿಸಿ, 1984ರಿಂದ ಬಿಟ್ಟ ಈ ಹುಳ ಮಳೆಗಾಲದಲ್ಲಿ ಕಾಂಗ್ರೆಸ್ ಕಸದ ಎಲೆ ಮೇಯುತ್ತದೆ. ಬೆಳ್ಳಗಿನ ರೆಕ್ಕೆಯ ಮೇಲೆ ಕಂದು ಗೆರೆ. ಮುಂದೆ ಸೂರ್ಯಕಾಂತಿಯ ಮೇಲೂ ಕಂಡು ದೊಡ್ಡ ಗದ್ದಲವಾಯಿತು. ವಿಚಾರಿಸಿದಾಗ, ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದ ಕಾಂಗ್ರೆಸ್ ಕಸದ ಪರಾಗವೇ ಹುಳವನ್ನು ಮೋಸಗೊಳಿಸಿತ್ತೆಂದು ತಿಳಿಯಿತು. ನಿಮ್ಮ ಕಡೆ ಈ ದುಂಬಿ ಕಂಡರೆ ಕೊಲ್ಲಬೇಡಿರಿ. ಚಳಿಗಾಲಕ್ಕೆ ಅದು ಮಣ್ಣಿನಲ್ಲಿ ಸೇರಿಕೊಳ್ಳುವದರಿಂದ ಅದೊಂದನ್ನೇ ನಂಬಿ ಕೂಡ್ರಲೂ ಬೇಡಿರಿ.

ಈಗ ಮನೆಯ ಸಂಗತಿ. ಹೊಲದಿಂದ ಬಂದ ಕೂಡಲೇ ಮುಖ, ತಲೆ ತೊಳೆದು ಬಟ್ಟೆ ಬದಲಿಸಬೇಕು. ತಲೆಗೂದಲಿನ ಪುಡಿಯೇ ರಾತ್ರಿ ಹಾಸಿಗೆಗೆ ಇಳಿಯುತ್ತದೆ. ಕೌದಿ, ಬಟ್ಟೆಗಳನ್ನು ಕಸ ಬೆಳೆದ ಬೇಲಿಯ ಮೇಲೆ ಒಣಹಾಕಬಾರದು. ಕಾಲು ಲೀಟರ ಕಾಯಿಸಿ ಆರಿಸಿದ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೂಗು ತೊಳೆದರೆ ಪುಡಿ ಹೊರಬಿದ್ದು ಹಗುರಾಗುತ್ತದೆ. ಕಾಯಿಸದ ನೀರು ಈ ಕೆಲಸಕ್ಕೆ ಬೇಡ.

ಸಿಟ್ರಿಜಿನ್ ಗುಳಿಗೆ ಸೀನು, ಕಡಿತ ಇಳಿಸುತ್ತದೆ. ಕೆಲವರಿಗೆ ನಿದ್ದೆ ಬರಿಸುತ್ತದೆ, ಹಳೆಯ ತರದ ನೆಗಡಿ ಗುಳಿಗೆಯಂತೂ ಬಹಳ. ಅದನ್ನು ನುಂಗಿ ಟ್ರ್ಯಾಕ್ಟರ ಹತ್ತಬಾರದು, ಮೇವು ಕತ್ತರಿಸುವ ಯಂತ್ರದ ಹತ್ತಿರ ಹೋಗಬಾರದು. ಪ್ರತಿವರ್ಷ ತ್ರಾಸಾಗುವವರಿಗೆ ಡಾಕ್ಟರರು ಮೂಗಿಗೆ ಹೊಡೆಯುವ ಔಷಧ ಕೊಡುತ್ತಾರೆ. ಅದನ್ನು ಹಂಗಾಮಿನ ಒಂದೆರಡು ವಾರ ಮೊದಲೇ ಸುರುಮಾಡಿ ದಿನಾಲು ಹೊಡೆದರೇ ಗುಣ. ಒಂದು ದಿನ ಹೊಡೆದು ಬಿಟ್ಟರೆ ದುಡ್ಡು ದಂಡ. ಊರಿಗೆ ಬರುವ ಯಾರೋ ಕೊಡುವ ಸ್ಟೀರಾಯ್ಡ್ ಸೂಜಿ ಕೂಡಲೇ ಗುಣ ಕಾಣಿಸುತ್ತದೆ, ಆದರೆ ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ಸಕ್ಕರೆ ರೋಗ ಏರುತ್ತದೆ, ಎಲುಬು ಸವೆಯುತ್ತವೆ. ಉಬ್ಬಸಕ್ಕೆ ಕೊಡುವ ಪಂಪಿಗೆ ಚಟ ಹತ್ತುತ್ತದೆಂಬುದು ಸುಳ್ಳು. ಅದರ ಅಂಜಿಕೆಯಿಂದ ಮಕ್ಕಳ ಪಂಪು ಬಚ್ಚಿಡುವ ತಾಯಂದಿರನ್ನು ನೋಡಿ ಈ ಮಾತು ಬರೆದೆ. ಉಸಿರಿಗೆ ಪಕ್ಕಡಿ ಒಳಸೇದುತ್ತಿದ್ದರೆ, ಮಾತು ಪೂರ್ತಿಯಾಡಲು ಆಗದಿದ್ದರೆ, ತುಟಿ ನೀಲಿಯಾದರೆ ಮುಂಜಾನೆಯ ಹಾದಿ ಕಾಯದೆ ಅದೇ ರಾತ್ರಿ ದವಾಖಾನೆಗೆ ಒಯ್ಯಬೇಕು.

ಕೊನೆಗೆ ತಗಚೆಯ ಬೀಜದ ಮಾತು. ಕಾಂಗ್ರೆಸ್ ಕಸ ಕಿತ್ತ ಜಾಗ ಖಾಲಿ ಬಿಟ್ಟರೆ ಅದೇ ಮತ್ತೆ ಬರುತ್ತದೆ. ಅಲ್ಲಿ ತಗಚೆ ಹತ್ತಿಸಿದರೆ ಅದು ದಟ್ಟಾಗಿ ಬೆಳೆದು ಕಸವನ್ನು ಅದುಮುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹದೇವಪ್ಪನವರು ಇದೇ ಕುಲದ ಕ್ಯಾಸಿಯಾ ಸೆರಿಸಿಯಾ ಎಂಬ ಗಿಡವನ್ನು ಈ ಕೆಲಸಕ್ಕೆ ಬಹಳ ಪ್ರಚಾರ ಮಾಡಿದರು. ತಗಚೆಯ ಕಾಯಿ ದೀಪಾವಳಿಯ ಮುಂದೆ ಒಣಗುತ್ತವೆ. ಸಿಡಿಯುವ ಮೊದಲು ಕೊಯ್ದು, ಬಡಿದು, ಬೀಜವನ್ನು ಅರಿವೆಯ ಚೀಲದಲ್ಲಿ ಇಟ್ಟುಕೊಂಡು, ರೋಹಿಣಿ ಮಳೆಗೆ ಮುಂಚೆ ಹಾದಿಬದಿಗೆ, ಕಾಲುವೆಯ ದಂಡೆಗೆ, ಶಾಲೆಯ ಬಯಲಿಗೆ ಚೆಲ್ಲಬೇಕು.