ನಿಮಗಿದು ಗೊತ್ತೇ? ಕಾರಿನ ಹಿಂದೊಂದು ಪುಟ್ಟ ಗಾಲಿಮನೆ

ಪುತ್ತೂರು ದಾಟಿ ಸುಳ್ಯದ ಕಡೆ ಹೊರಟರೆ ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸಿಗುವ ಪೇಟೆ ಕುಂಬ್ರ. ನೇರ ಹೋದರೆ ಸಂಪಾಜೆ ಘಾಟಿ, ಮಡಿಕೇರಿ. ಇಲ್ಲಿಂದ ಬೆಳ್ಳಾರೆ ರಸ್ತೆಗೆ ತಿರುಗಿದರೆ ಸುಬ್ರಹ್ಮಣ್ಯದ ಕಡೆ ಹಾದಿ. ಇಬ್ಬರು ಮಲಗುವ, ಕಾರು ಎಳೆಯುವ ಸರಳ ಕ್ಯಾಂಪಿಂಗ್ ಟ್ರೈಲರ್ ಕಟ್ಟಬಲ್ಲ ಕೈಗಳು ಈ ಸೀಮೆಯಲ್ಲಿ ಧಾರಾಳವಾಗಿವೆ. ಕೈಗೆ ಜೊತೆಯಾಗಬೇಕಾದದ್ದು ಲೆಕ್ಕ: ಭಾರದ್ದು, ಮಳೆಯದ್ದು, ಕಾನೂನಿನದ್ದು.

ಎಲ್ಲಿಂದ ಬಂತು?

● ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಗಾಲಿಮನೆ ಎಂದು ಹೆಸರಾದದ್ದು 'ವಾಂಡರರ್'. ಸ್ಕಾಟ್ಲೆಂಡಿನ ವೈದ್ಯ, ಲೇಖಕ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರ ಸುಮಾರಿಗೆ ಇದನ್ನು ಬ್ರಿಸ್ಟಲ್‌ನಲ್ಲಿ ಮಾಡಿಸಿಕೊಂಡರು. ಎಳೆದದ್ದು ಎರಡು ಕುದುರೆಗಳು.

● ಹನಿಯಾಕಾರದ 'ಟಿಯರ್‌ಡ್ರಾಪ್' ಟ್ರೈಲರ್ 1930ರ ದಶಕದ ಅಮೆರಿಕದಲ್ಲಿ ಹುಟ್ಟಿತು. 1947ರಲ್ಲಿ 'ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್' ಪತ್ರಿಕೆ ಅದರ ನಕ್ಷೆ ಪ್ರಕಟಿಸಿತು. ಜನ ಅದನ್ನು ನೋಡಿ ತಮ್ಮ ಶೆಡ್ಡಿನಲ್ಲೇ ಕಟ್ಟಿಕೊಂಡರು. ಮುಂದೆ ಮಲಗುವ ಗೂಡು, ಹಿಂದೆ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ.

● ಇಂಥ ಟ್ರೈಲರ್‌ಗಳ ಅಳತೆ ಹೆಚ್ಚಾಗಿ 8 ಅಡಿ ಉದ್ದ, 4 ಅಡಿ ಅಗಲ. ಪ್ಲೈವುಡ್ ಹಾಳೆ ಅಂಗಡಿಗೆ ಬರುವುದೂ ಅದೇ ಅಳತೆಯಲ್ಲಿ. ಹಾಳೆಯನ್ನು ಕೊಯ್ಯದೆಯೇ ನೆಲ ಮುಗಿಯುತ್ತದೆ, ಚೂರು ಉಳಿಯುವುದಿಲ್ಲ.

● ಸ್ವಂತ ಯಂತ್ರ ಕಟ್ಟುವುದು ಪುತ್ತೂರಿಗೆ ಹೊಸತಲ್ಲ. 1988ರಲ್ಲಿ ಇಲ್ಲಿಂದಲೇ ಹೊರಟ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟು ಅವರ ಆವಿಷ್ಕಾರಗಳನ್ನು ನಾಡಿಗೆ ತಿಳಿಸಿತು. ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಮತ್ತು ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು ನಡೆಸಿದ ಕೃಷಿ ಯಂತ್ರಮೇಳಗಳಲ್ಲಿ ರೈತರು ತಾವೇ ರೂಪಿಸಿದ ಸಾಧನಗಳನ್ನು ತಂದಿಟ್ಟಿದ್ದಾರೆ.

ಭಾರದ ಲೆಕ್ಕ

● 50×50 ಮಿ.ಮೀ. ಅಳತೆಯ, 3 ಮಿ.ಮೀ. ದಪ್ಪದ ಚೌಕ ಕಬ್ಬಿಣದ ಪೈಪು ಮೀಟರಿಗೆ ಸುಮಾರು 4.4 ಕಿಲೋ ತೂಗುತ್ತದೆ. 8×4 ಅಡಿಯ ಚೌಕಟ್ಟು, ಅಡ್ಡಪಟ್ಟಿ, ಮುಂದಿನ ಮೂಕಿ ಎಲ್ಲ ಸೇರಿ 13–14 ಮೀಟರ್ ಹಿಡಿದರೆ ಕಬ್ಬಿಣವೇ 60 ಕಿಲೋ ಆಯಿತು.

● 12 ಮಿ.ಮೀ. ಪ್ಲೈವುಡ್ಡಿನ ಒಂದು ಹಾಳೆ ಸುಮಾರು 23 ಕಿಲೋ, 18 ಮಿ.ಮೀ. ಹಾಳೆ ಸುಮಾರು 35 ಕಿಲೋ. 'ಗಟ್ಟಿ ಇರಲಿ' ಎಂದು ಎಲ್ಲ ಕಡೆ 18 ಹಾಕಿದರೆ ಹಾಳೆಯೊಂದಕ್ಕೆ 12 ಕಿಲೋ ಹೆಚ್ಚುತ್ತದೆ. ನೆಲಕ್ಕೆ, ಗೋಡೆಗೆ 12, ಬಾಗಿಸಬೇಕಾದ ಮಾಡಿಗೆ ಅದಕ್ಕಿಂತ ತೆಳುವಾದದ್ದು ಸಾಕು.

● ಎತ್ತಿನಗಾಡಿ ಹೊಡೆದವರಿಗೆ ಮುಂಭಾರ, ಹಿಂಭಾರ ಗೊತ್ತು. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಟ್ರೈಲರಿಗೂ ಇದೇ ನ್ಯಾಯ: ಒಟ್ಟು ತೂಕದ ಶೇ 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಕೂರಬೇಕು ಎಂಬುದು ರೂಢಿಯ ಲೆಕ್ಕ. 500 ಕಿಲೋ ಟ್ರೈಲರಿಗೆ ಅದು 50ರಿಂದ 75 ಕಿಲೋ. ಕಾರಿನ ಕೊಂಡಿ ಅಷ್ಟನ್ನು ತಾಳುತ್ತದೆಯೇ ಎಂದೂ ನೋಡಬೇಕು.

● ಈ ಭಾರ ಅಳೆಯಲು ವಿಶೇಷ ಸಾಧನ ಬೇಡ. ಟ್ರೈಲರನ್ನು ಸಮತಟ್ಟಾಗಿ ನಿಲ್ಲಿಸಿ, ಅಡಿಕೆ ಗೋಣಿ ತೂಗುವ ಯಂತ್ರದ ಮೇಲೆ ಮೂಕಿಯ ತುದಿ ಇಟ್ಟರೆ ಉತ್ತರ ಸಿಗುತ್ತದೆ.

● ಕೊಂಡಿಯ ಮೇಲೆ ಈ ಭಾರ ಬೀಳಲೆಂದೇ ಆಕ್ಸಲ್ ಸರಿ ನಡುವಿನಲ್ಲಿ ಬರುವುದಿಲ್ಲ. ನಡುವಿಗಿಂತ ತುಸು ಹಿಂದೆ ಬರುತ್ತದೆ. ಹಿಂಭಾರದ ಟ್ರೈಲರ್ ವೇಗ ಏರಿದಂತೆ ಅತ್ತಿತ್ತ ತೂಗತೊಡಗುತ್ತದೆ, ಕಾರನ್ನೂ ಸೆಳೆಯುತ್ತದೆ. ಆಗ ಬ್ರೇಕ್ ಒತ್ತಬಾರದು. ಆಕ್ಸಲರೇಟರಿನಿಂದ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡಿಯಬೇಕು.

● ಟ್ರೈಲರಿಗೆ ಕಾರಿನ ಅಳತೆಯದೇ ಚಕ್ರ ಹಾಕಿದರೆ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಸಣ್ಣ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕು, ಬೇರಿಂಗ್ ಹೆಚ್ಚು ಬಿಸಿಯಾಗುತ್ತದೆ.

● ಜಿಐ ಪೈಪನ್ನು ಹಾಗೆಯೇ ವೆಲ್ಡ್ ಮಾಡಿದರೆ ಸತುವಿನ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರಬಹುದು. ಬೆಸೆಯುವ ಜಾಗದ ಲೇಪನವನ್ನು ಮೊದಲೇ ಉಜ್ಜಿ ತೆಗೆದು, ಗಾಳಿ ಆಡುವಲ್ಲಿ ವೆಲ್ಡ್ ಮಾಡಬೇಕು.

ಮಳೆ, ಗಾಳಿ, ಬೆಂಕಿ

● ದಕ್ಷಿಣ ಕನ್ನಡದ ವಾರ್ಷಿಕ ಮಳೆ 3,500 ಮಿ.ಮೀ.ಗೂ ಮಿಗಿಲು. ಸಾಧಾರಣ ಪ್ಲೈ ಇಲ್ಲಿ ಒಂದು ಮಳೆಗಾಲಕ್ಕೇ ಪದರ ಬಿಡುತ್ತದೆ. ಮೆರೈನ್ ಪ್ಲೈ ಕೊಳ್ಳುವಾಗ ಐಎಸ್ 710 ಗುರುತು ನೋಡಿ. ಆ ಹಾಳೆಗೂ ಕೊಯ್ದ ಅಂಚುಗಳೇ ದುರ್ಬಲ. ಜೋಡಿಸುವ ಮೊದಲೇ ಅಂಚಿಗೆ ಎಪಾಕ್ಸಿ ಅಥವಾ ಪೈಂಟ್ ಕುಡಿಸಬೇಕು.

● ಹೊದಿಕೆಯ ಜೋಡಣೆಯಲ್ಲಿ ಮೇಲಿನ ತಗಡು ಕೆಳಗಿನದರ ಮೇಲೆ ಬರಬೇಕು, ಮುಂದಿನದು ಹಿಂದಿನದರ ಮೇಲೆ. ಓಡುವಾಗ ಮಳೆ ಮುಂದಿನಿಂದ ರಾಚುತ್ತದೆ ಎಂಬುದನ್ನು ನಿಂತ ಮನೆ ಕಟ್ಟಿದವರು ಮರೆಯುವುದುಂಟು.

● ಮಲಗಿದ ಒಬ್ಬ ಮನುಷ್ಯ ರಾತ್ರಿಯಲ್ಲಿ ಉಸಿರು, ಬೆವರಿನ ಮೂಲಕ ಕಾಲು ಲೀಟರಿಗೂ ಹೆಚ್ಚು ನೀರು ಹೊರಬಿಡುತ್ತಾನೆ. ಪುಟ್ಟ ಗೂಡಿನಲ್ಲಿ ಅದು ಗೋಡೆಗೆ ಇಳಿದು ಬೂಸ್ಟು ಹಿಡಿಸುತ್ತದೆ. ಕೆಳಗೊಂದು, ಎದುರು ಬದಿಯ ಮೇಲೊಂದು ಗಾಳಿಕಂಡಿ ಇದ್ದರೆ ಗಾಳಿ ತಾನಾಗಿ ಹರಿಯುತ್ತದೆ.

● ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರಿನ ಗೂಡಿಗೆ ತೂತು ಬೇಕಾದದ್ದು ತಳದಲ್ಲಿ, ಅದೂ ಹೊರಕ್ಕೆ ತೆರೆದಂತೆ. ಒಲೆ ಉರಿಸುವುದು ಹಿಂಬದಿಯ ಬಯಲಿನಲ್ಲೇ. ಮುಚ್ಚಿದ ಗೂಡಿನೊಳಗೆ ಉರಿದ ಒಲೆಯಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವ ತೆಗೆಯುತ್ತದೆ.

● 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಸೀಸ–ಆಮ್ಲದ ಬ್ಯಾಟರಿ ಬಾಳಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. 20 ವ್ಯಾಟಿನ ಫ್ಯಾನ್ 8 ಗಂಟೆ, ಎರಡು ಎಲ್‌ಇಡಿ ದೀಪ, ಎರಡು ಮೊಬೈಲ್ ಸೇರಿ ರಾತ್ರಿಗೆ ಸುಮಾರು 230 ವ್ಯಾಟ್-ಅವರ್. ಅಂದರೆ ನಡುವೆ ಚಾರ್ಜ್ ಮಾಡದೆಯೂ ಎರಡು ರಾತ್ರಿ ಕಳೆಯಬಹುದು.

ದಾರಿಗೆ ಇಳಿಯುವ ಮೊದಲು

● ಸುಳ್ಯದಿಂದ ಸಂಪಾಜೆ ದಾಟಿ ಸುಮಾರು 1,170 ಮೀಟರ್ ಎತ್ತರದ ಮಡಿಕೇರಿಗೆ ಏರಿದರೆ ಸಾವಿರ ಮೀಟರಿನಷ್ಟು ಹತ್ತಿದಂತೆ. 500 ಕಿಲೋ ಟ್ರೈಲರ್ ಅಷ್ಟು ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 1.4 ಯೂನಿಟ್ ವಿದ್ಯುತ್ತಿಗೆ ಸಮ. ಟ್ರೈಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಇದರ ಬಹುಪಾಲನ್ನು ಕಾರಿನ ಬ್ರೇಕೇ ಶಾಖವಾಗಿ ನುಂಗಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತು ಇಲ್ಲಿ ಎರಡು ಪಟ್ಟು ಸತ್ಯ.

● ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಂತೆ ಅಡ್ಡಹಾಕಿ ಕಟ್ಟಬೇಕು. ಕೊಂಡಿ ಕಳಚಿದರೆ ಮೂಕಿ ರಸ್ತೆಗೆ ಬಡಿಯದೆ ಸರಪಳಿಯ ಮೇಲೆ ನಿಲ್ಲುತ್ತದೆ.

● ಹೊಸ ಚಕ್ರದ ನಟ್‌ಗಳು ಮೊದಲ ಓಟದಲ್ಲಿ ಸಡಿಲಾಗಬಹುದು. ಕುಂಬ್ರದಿಂದ ಹೊರಟವರು ಸುಳ್ಯದಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡುವುದು ಒಳ್ಳೆಯದು.

● ರಿವರ್ಸ್ ಕಷ್ಟವೇ? ಸ್ಟೇರಿಂಗಿನ ಕೆಳಭಾಗ ಹಿಡಿಯಿರಿ. ಕೈ ಎಡಕ್ಕೆ ಹೋದರೆ ಟ್ರೈಲರಿನ ಹಿಂಭಾಗವೂ ಎಡಕ್ಕೆ. ಮೂಕಿ ಉದ್ದವಿದ್ದಷ್ಟೂ ತೋಟದ ಓಣಿಯಲ್ಲಿ ಹಿಂದೆ ಸರಿಸುವುದು ಸುಲಭ.

● ಓಡುವ ಟ್ರೈಲರಿನೊಳಗೆ ಯಾರೂ ಇರಬಾರದು. ಮಕ್ಕಳಂತೂ ಖಂಡಿತ ಬೇಡ.

ಕಾನೂನು ಏನು ಹೇಳುತ್ತದೆ?

● ಎಂಜಿನ್ ಇಲ್ಲದಿದ್ದರೂ ಟ್ರೈಲರ್ ಕೂಡ 'ಮೋಟಾರು ವಾಹನ'ವೇ! 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಸೆಕ್ಷನ್ ಹಾಗೆಂದೇ ವ್ಯಾಖ್ಯಾನಿಸುತ್ತದೆ. ಆದ್ದರಿಂದ ಅದಕ್ಕೂ ನೋಂದಣಿ ಬೇಕು. ಪುತ್ತೂರಿನವರು ಅದಕ್ಕೆ ಹೋಗಬೇಕಾದದ್ದು ಕೆಎ-21ರ ಕಚೇರಿಗೆ.

● ಸಾಮಾನು ಸೇರಿ ಒಟ್ಟು ತೂಕ 750 ಕಿಲೋ ಮೀರದ ಟ್ರೈಲರ್ ಭಾರತದ ವರ್ಗೀಕರಣದಲ್ಲಿ 'ಟಿ1'. ಮನೆಯಲ್ಲಿ ಕಟ್ಟುವವರು ಈ ಗೆರೆಯೊಳಗೇ ಇರುವುದು ಕ್ಷೇಮ.

● ನೋಂದಾಯಿತ ವಾಹನವನ್ನು ಅನುಮತಿಯಿಲ್ಲದೆ ಮಾರ್ಪಡಿಸುವುದನ್ನು 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಕಾರಿಗೆ ಕೊಂಡಿ ಬೆಸೆಯುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

● 2021ರಲ್ಲಿ ಪಕ್ಕದ ಕೇರಳ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು. ಗಾಲಿಮನೆ ನಿಲ್ಲಿಸಲು ನೀರು, ವಿದ್ಯುತ್, ಶೌಚಾಲಯ ಇರುವ ತಂಗುದಾಣಗಳೂ ಅದರ ಭಾಗ. ನಮ್ಮ ಅಡಿಕೆ ತೋಟದ ಮನೆಗಳ ಅಂಗಳದಲ್ಲಿ ಈ ಮೂರೂ ಈಗಾಗಲೇ ಇವೆ.

● ಮೋಟಾರು ವಾಹನ ಕಾನೂನಿನಂತೆ ತಯಾರಕರು ಮೂಲ ಮಾದರಿಯನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗೆ ಒಪ್ಪಿಸಬೇಕು. ಒಬ್ಬ ಹವ್ಯಾಸಿಗೆ ಇದು ದೊಡ್ಡ ಹೊರೆ. ಆದರೆ ಒಪ್ಪಿಗೆ ಸಿಗುವುದು ಮಾದರಿಗೆ; ಒಮ್ಮೆ ಸಿಕ್ಕರೆ ಆ ತಯಾರಕರು ಅದೇ ಮಾದರಿಯಲ್ಲಿ ಬೇಕಾದಷ್ಟು ಟ್ರೈಲರ್ ಮಾಡಬಹುದು. ನಮ್ಮೂರಿನ ವೆಲ್ಡಿಂಗ್ ಶಾಪಿನವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಸಹಕಾರಿ ಸಂಘಗಳು ಒಟ್ಟಾಗಿ ಹಗುರವಾದ ಒಂದೇ ಒಂದು ವಿನ್ಯಾಸಕ್ಕೆ ಆ ಒಪ್ಪಿಗೆ ತಂದರೆ, ಇಲ್ಲಿ ತಯಾರಾದ ಗಾಲಿಮನೆಯನ್ನು ಯಾರು ಬೇಕಾದರೂ ಕೊಂಡು, ಅಳುಕಿಲ್ಲದೆ ಹೆದ್ದಾರಿಗೆ ಇಳಿಸಬಹುದು.