ಭಾವಚಿತ್ರ: ಲೆನ್ಸಿನ ಆಯ್ಕೆ ಮತ್ತು ತಿದ್ದುವಿಕೆಯ ಮಿತಿ

ವ್ಯಕ್ತಿಯ ಮುಖದ ಚಿತ್ರವನ್ನು ಕನ್ನಡದಲ್ಲಿ ‘ಭಾವಚಿತ್ರ’ವೆನ್ನುತ್ತೇವೆ. ಆಕಾರದೊಡನೆ ಭಾವವೂ ಮೂಡಬೇಕೆಂಬ ಅಪೇಕ್ಷೆ ಆ ಹೆಸರಿನಲ್ಲಿಯೇ ಅಡಗಿದೆ. ಕ್ಯಾಮೆರಾ ಇದ್ದುದನ್ನು ಇದ್ದಂತೆಯೇ ತೋರಿಸುತ್ತದೆಂಬ ನಂಬಿಕೆ ಮಾತ್ರ ಪೂರ್ಣ ಸತ್ಯವಲ್ಲ. ರೂಪದರ್ಶಿಯನ್ನು ಕುಳ್ಳಿರಿಸಿ ಚಿತ್ರ ತೆಗೆಯುವಾತನು ಎರಡು ಘಟ್ಟಗಳಲ್ಲಿ ಆ ಮುಖವನ್ನು ಬದಲಿಸಬಲ್ಲನು. ಮೊದಲನೆಯದು ಲೆನ್ಸಿನ ಆಯ್ಕೆ, ಎರಡನೆಯದು ಚಿತ್ರದ ತಿದ್ದುವಿಕೆ.

1840ರಲ್ಲಿ ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್ ಅವರು ಭಾವಚಿತ್ರಕ್ಕೆ ಒಪ್ಪುವ ಲೆನ್ಸನ್ನು ಲೆಕ್ಕಹಾಕಿ ರೂಪಿಸಿದರು. ಅದು ಹೆಚ್ಚು ಬೆಳಕನ್ನು ಒಳಬಿಟ್ಟುದರಿಂದ, ನಿಮಿಷಗಟ್ಟಲೆ ಅಲುಗಾಡದೆ ಕುಳಿತಿರಬೇಕಾದ ಕಷ್ಟ ತಗ್ಗಿತು.

ಇಂದು ಲೆನ್ಸುಗಳು ಹಲವು. ಆದರೆ ಮುಖವು ವಿಕಾರವಾಗಿ ಕಾಣಲು ಮುಖ್ಯ ಕಾರಣ ಲೆನ್ಸಲ್ಲ, ದೂರ. 36 ಮಿ.ಮೀ. ಉದ್ದ, 24 ಮಿ.ಮೀ. ಅಗಲದ ಸಂವೇದಕವುಳ್ಳ ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ತಲೆಯಿಂದ ಸೊಂಟದವರೆಗಿನ ಚಿತ್ರ ತೆಗೆಯುತ್ತೇವೆಂದು ಭಾವಿಸೋಣ. 28 ಮಿ.ಮೀ. ಲೆನ್ಸಾದರೆ ಸುಮಾರು 66 ಸೆಂ.ಮೀ. ಸಮೀಪಕ್ಕೆ ಹೋಗಬೇಕು, 85 ಮಿ.ಮೀ. ಲೆನ್ಸಾದರೆ 2 ಮೀಟರ್ ದೂರ ನಿಲ್ಲಬಹುದು. ಮೂಗಿನ ತುದಿಗಿಂತ ಕಿವಿ 12 ಸೆಂ.ಮೀ. ಹಿಂದಿದೆಯೆಂದುಕೊಂಡರೆ, ಮೊದಲ ಚಿತ್ರದಲ್ಲಿ ಕಿವಿಗೆ ಹೋಲಿಸಿದಾಗ ಮೂಗು ನೂರಕ್ಕೆ 18ರಷ್ಟು ಹಿಗ್ಗಿ ಕಾಣುವುದು. ಎರಡನೆಯದರಲ್ಲಿ ಕೇವಲ 6ರಷ್ಟು. ಭಾವಚಿತ್ರಕ್ಕೆ 85ರಿಂದ 135 ಮಿ.ಮೀ. ಲೆನ್ಸುಗಳನ್ನು ಮೆಚ್ಚುವುದರ ಮರ್ಮ ಇದೇ. ಆ ದೂರದಲ್ಲಿ ರೂಪದರ್ಶಿಗೂ ಸಂಕೋಚ ಕಡಿಮೆ.

ಬೆಳಕಿನ ರಂಧ್ರವನ್ನು ಅತಿಯಾಗಿ ತೆರೆಯುವುದೂ ತರವಲ್ಲ. 85 ಮಿ.ಮೀ. ಲೆನ್ಸಿನಲ್ಲಿ 2 ಮೀಟರ್ ದೂರಕ್ಕೆ ಎಫ್/1.8 ಇಟ್ಟರೆ ಸ್ಪಷ್ಟತೆಯ ಆಳ ಸುಮಾರು 6 ಸೆಂ.ಮೀ. ಮಾತ್ರ, ಎಫ್/4 ಇಟ್ಟರೆ 13 ಸೆಂ.ಮೀ. ದೊರೆಯುವುದು. ಯಾವುದೇ ಆದರೂ ಗುರಿ ಕಣ್ಣಿನ ಮೇಲಿರಬೇಕು. ಕಣ್ಣು ಮಸುಕಾದ ಚಿತ್ರದಲ್ಲಿ ಭಾವ ಉಳಿಯದು.

ಇನ್ನು ತಿದ್ದುವಿಕೆ. ಮೊದಲು ಬೆಳಕನ್ನೂ ಬಣ್ಣವನ್ನೂ ಸರಿದೂಗಿಸಿ, ಬಳಿಕ ಅಂಚುಗಳನ್ನು ಕತ್ತರಿಸಿ, ಕೊನೆಯಲ್ಲಿ ಚರ್ಮದ ಕಡೆ ಗಮನ ಕೊಡುವುದು ಸರಿಯಾದ ಕ್ರಮ. ವಾರದಲ್ಲಿ ಮಾಯುವ ಮೊಡವೆಯನ್ನೂ, ಹಣೆಗೆ ಜಾರಿದ ಕೂದಲೆಳೆಯನ್ನೂ ಅಳಿಸಬಹುದು. ಮಚ್ಚೆ, ಹಳೆಯ ಗಾಯದ ಗುರುತು, ನಕ್ಕಾಗ ಮೂಡುವ ಗೆರೆಗಳು ಆ ವ್ಯಕ್ತಿಯವೇ. ಅವರು ತಾವಾಗಿ ಕೇಳದೆ ಅವುಗಳನ್ನು ತೆಗೆಯುವ ಅಧಿಕಾರ ನಮಗಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕಪ್ಪು ಮೈಬಣ್ಣವನ್ನು ಬಿಳುಪಾಗಿಸುವ ಚಾಳಿಯನ್ನು ಬಿಡಬೇಕು. ಬಣ್ಣವನ್ನು ಸರಿದೂಗಿಸುವುದೆಂದರೆ ದೀಪವು ತಂದ ಹಳದಿಯನ್ನೋ ನೀಲಿಯನ್ನೋ ಕಳೆಯುವುದೇ ಹೊರತು ಹುಟ್ಟಿನಿಂದ ಬಂದ ಬಣ್ಣವನ್ನು ಕಳೆಯುವುದಲ್ಲ. ಹಾಗೆ ಮಾಡಿದಾಗ ‘ನೀನು ಇದ್ದಂತೆ ಸಾಲದು’ ಎಂದು ಆ ವ್ಯಕ್ತಿಗೆ ಹೇಳಿದಂತಾಗುತ್ತದೆ.

ಕ್ಯಾಮೆರಾದ ಮುಂದೆ ಕುಳಿತವರು ನಮ್ಮನ್ನು ನಂಬಿ ತಮ್ಮ ಮುಖವನ್ನು ಒಪ್ಪಿಸಿರುತ್ತಾರೆ. ಸಿದ್ಧವಾದ ಚಿತ್ರವನ್ನು ಕಂಡು ಅವರ ಮನೆಯವರು ಕ್ಷಣವೂ ಅನುಮಾನಿಸದೆ ‘ಇದು ನಮ್ಮವರೇ’ ಎಂದರೆ, ಲೆನ್ಸಿನ ಆಯ್ಕೆಯೂ ತಿದ್ದುವಿಕೆಯೂ ಸಾರ್ಥಕವಾದಂತೆ.