ಅನುಕರಣ ವಿಮಾನವೂ ಚಾಲಕನ ಕೈಯೂ

ವಿಮಾನಚಾಲನೆಯನ್ನು ನೆಲದ ಮೇಲೆಯೇ ಕಲಿಸುವ ಯಂತ್ರಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಅದರ ಕಿಟಕಿಯಲ್ಲಿ ಮೂಡುವ ಮೋಡಗಳನ್ನೂ ನಗರದ ದೀಪಗಳನ್ನೂ ಕಂಡು ನೋಟಕರು ಬೆರಗಾಗುವುದುಂಟು. ಆದರೆ ಅದರ ಯೋಗ್ಯತೆಯನ್ನು ಅಳೆಯತಕ್ಕುದು ಕಣ್ಣಿನಿಂದಲ್ಲ, ಕೈಕಾಲುಗಳಿಂದ. ಚಾಲನದಂಡವು ಎಷ್ಟು ಬಿಗಿಯಾಗಿರಬೇಕು, ವಿಮಾನವು ಎಷ್ಟು ಬೇಗ ಓಗೊಡಬೇಕು, ಎಷ್ಟು ವಾಲಬೇಕು ಎಂಬಲ್ಲಿ ಸುಳ್ಳು ನುಸುಳಿದರೆ ಉಳಿದ ವೈಭವವೆಲ್ಲ ನಿರರ್ಥಕ.

ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ನಿರ್ಮಿಸಿದ ಯಂತ್ರವು ತಂದೆಯ ಆರ್ಗನ್ ವಾದ್ಯಗಳ ಕಾರ್ಖಾನೆಯಲ್ಲಿ ಬಳಕೆಯಲ್ಲಿದ್ದಂಥ ತಿದಿಗಳ ಬಲದಿಂದ ವಾಲುತ್ತಿತ್ತು. ಸೂಚಕಗಳನ್ನು ನೋಡಿ ಹಾರುವುದನ್ನು ಕಲಿಸಲು ಅಷ್ಟು ಸಾಕಾಗಿತ್ತು.

ಸಣ್ಣ ವಿಮಾನದಲ್ಲಿ ಗಾಳಿಯ ಒತ್ತಡವೇ ತಂತಿಗಳ ಮೂಲಕ ಕೈಗೆ ತಾಗುತ್ತದೆ; ವೇಗವು ಇಮ್ಮಡಿಸಿದರೆ ಅದು ನಾಲ್ಮಡಿಯಾಗುತ್ತದೆ. ದೊಡ್ಡ ಜೆಟ್ ವಿಮಾನಗಳಲ್ಲಿ ದ್ರವದ ಒತ್ತಡವು ಆ ಕೆಲಸವನ್ನು ವಹಿಸಿಕೊಳ್ಳುವುದರಿಂದ ಕೈಗೆ ತಿಳಿಯುವ ಬಿಗುವನ್ನು ಸ್ಪ್ರಿಂಗು ಮೊದಲಾದವುಗಳಿಂದ ಕೃತಕವಾಗಿ ಒದಗಿಸುತ್ತಾರೆ. ಸಿಮ್ಯುಲೇಟರ್ ಇಲ್ಲಿ ಅನುಕರಿಸುವುದು ಇನ್ನೊಂದು ಅನುಕರಣವನ್ನೇ! ಇದಲ್ಲದೆ ಗಣಕಕ್ಕೆ ಲೆಕ್ಕ ಹಾಕಲು ಕಾಲ ಬೇಕು. ಉತ್ತರ ತಡವಾದರೆ ಚಾಲಕನು ಇನ್ನಷ್ಟು ಒತ್ತುತ್ತಾನೆ, ಬಳಿಕ ಅತಿಯಾಯಿತೆಂದು ಹಿಂದೆಳೆಯುತ್ತಾನೆ. ನಿಜವಿಮಾನದಲ್ಲಿಲ್ಲದ ತೂಗಾಟ ಹುಟ್ಟುತ್ತದೆ. ಅಮೆರಿಕದ ಇಂದಿನ ನಿಯಮದಂತೆ ಉನ್ನತ ದರ್ಜೆಯ ಯಂತ್ರಗಳಲ್ಲಿ ಈ ವಿಳಂಬವು ಗೊತ್ತುಪಡಿಸಿದ ಮಿತಿಯನ್ನು ಮೀರಕೂಡದು.

ವಿಳಂಬಕ್ಕಿಂತ ಘೋರವಾದುದು ಬೇಕೆಂದೇ ಸೇರಿಸಿದ ಅಸತ್ಯ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ಏರ್‌ಬಸ್ ಎ300-600 ವಿಮಾನವು ಮುಂದೆ ಹೋಗಿದ್ದ ಬೋಯಿಂಗ್ 747ರ ಸುಳಿಗಾಳಿಯನ್ನು ಹೊಕ್ಕಿತು. ಸಹಚಾಲಕನು ರಡರನ್ನು, ಅಂದರೆ ಬಾಲದ ಚುಕ್ಕಾಣಿಯನ್ನು, ಎಡಬಲಗಳಿಗೆ ಪೂರ್ಣವಾಗಿ ಮತ್ತೆಮತ್ತೆ ಒತ್ತಿದನು. ಲಂಬಬಾಲವೇ ಮುರಿದು ಬಿದ್ದಿತು. ನೆಲದ ಮೇಲಿದ್ದ ಐವರೂ ಸೇರಿ 265 ಮಂದಿ ಮಡಿದರು. ಆ ಸಂಸ್ಥೆಯ ಸಿಮ್ಯುಲೇಟರ್ ಶಿಕ್ಷಣದಲ್ಲಿ, ಸುಳಿಗಾಳಿಗೆ ಸಿಕ್ಕಿ ಅತಿಯಾಗಿ ವಾಲಿದ ವಿಮಾನವನ್ನು ಸರಿಪಡಿಸುವ ಅಭ್ಯಾಸವೊಂದಿತ್ತು. ವಾಲುವ ಮೊದಲೇ ಚಾಲಕನು ತಡೆದುಬಿಟ್ಟರೆ ಪಾಠವೇ ನಡೆಯದಷ್ಟೆ. ಆದುದರಿಂದ ಯಂತ್ರವು ಚಕ್ರ ಮತ್ತು ಪೆಡಲುಗಳ ಪರಿಣಾಮವನ್ನು ಕೆಲವು ಕ್ಷಣ ತಡೆಹಿಡಿಯುತ್ತಿತ್ತು. ಎಷ್ಟು ಒತ್ತಿದರೂ ವಿಮಾನ ಜಗ್ಗದು ಎಂಬ ಭಾವನೆ ಇದರಿಂದ ಬೇರೂರಿರಬಹುದು. ವಾಸ್ತವವೋ ತದ್ವಿರುದ್ಧ. ಆ ವಿಮಾನದಲ್ಲಿ 135 ನಾಟ್ ವೇಗಕ್ಕೆ ನಾಲ್ಕು ಅಂಗುಲ ಚಲಿಸುವ ಪೆಡಲು 250 ನಾಟ್ ವೇಗದಲ್ಲಿ 1.2 ಅಂಗುಲಕ್ಕೇ ತುದಿಮುಟ್ಟುತ್ತಿತ್ತು. ಬೇಕಾದ ಬಲವೂ ಸುಮಾರು ಅರ್ಧಕ್ಕಿಳಿಯುತ್ತಿತ್ತು. ತನಿಖಾ ಮಂಡಲಿಯು ಸಹಚಾಲಕನ ಅನಗತ್ಯವೂ ಅತಿಯೂ ಆದ ಒತ್ತುವಿಕೆಯನ್ನೇ ಮುಖ್ಯ ಕಾರಣವೆಂದಿತು. ರಡರ್ ವ್ಯವಸ್ಥೆಯ ರಚನೆಯನ್ನೂ ಆ ಶಿಕ್ಷಣಕ್ರಮದ ಅಂಶಗಳನ್ನೂ ಸಹಕಾರಿ ಕಾರಣಗಳೆಂದು ಎಣಿಸಿತು. ಸತ್ತವನ ಕೈಯನ್ನು ಮಾತ್ರ ದೂರುವುದು ಹೀಗೆ ಅರ್ಧಸತ್ಯವಾಗುತ್ತದೆ.

ಸ್ಟಾಲ್ ಎಂಬ ಸ್ಥಿತಿಯ ಅನುಕರಣವು ಇನ್ನೂ ಕಠಿನ. ರೆಕ್ಕೆಯ ಮೇಲಣ ಗಾಳಿಯ ಹರಿವು ಕಿತ್ತುಹೋಗಿ ಎತ್ತುವ ಬಲ ಕುಸಿಯುವ ಅವಸ್ಥೆ ಅದು. 2009ರಲ್ಲಿ ಬಫಲೋ ನಗರದ ಬಳಿ ಅದರ ಮುನ್ಸೂಚನೆ ಬಂದಾಗ ನಾಯಕನು ದಂಡವನ್ನು ಮುಂದೊತ್ತುವ ಬದಲು ಹಿಂದೆಳೆದನು. 50 ಮಂದಿ ಸತ್ತರು. ಪೂರ್ಣ ಸ್ಟಾಲನ್ನು ಕಲಿಸುವ ಸಿಮ್ಯುಲೇಟರುಗಳು ಆ ಸ್ಥಿತಿಯಲ್ಲಿಯೂ ಪರೀಕ್ಷೆಗೊಳಗಾಗಬೇಕೆಂದು ಅಮೆರಿಕವು 2016ರಲ್ಲಿ ನಿಯಮವನ್ನು ತಿದ್ದಿತು. ಪ್ರಯಾಣಿಕ ವಿಮಾನವನ್ನು ಅಷ್ಟು ಆಳದ ಸ್ಟಾಲಿಗೆ ಒಯ್ದು ಪಡೆದ ಅಳತೆಗಳು ವಿರಳ. ಆದುದರಿಂದ ಅಂಕಿಗಳ ಜೊತೆಗೆ, ಆ ಸ್ಥಿತಿಯನ್ನು ಬಲ್ಲ ಚಾಲಕನೊಬ್ಬನು ಯಂತ್ರದಲ್ಲಿ ಕುಳಿತು ಅದರ ವರ್ತನೆಯನ್ನು ಒಪ್ಪಬೇಕಾಗುತ್ತದೆ.